ಅರ್ಥ್ ಇಲ್ಲದಿದ್ದರೆ ಅನರ್ಥ



ಚೆಂಬೂರಿನ ನಮ್ಮ ಮನೆಗಳ ಲಾಫ್ಟಿನಲ್ಲಿ ಹುಡುಕಿದರೆ ಹಳೆಯ ಹಾಡಿನ ಪೆಟ್ಟಿಗೆಯೊಂದು ಸಿಕ್ಕೀತು. ಅಜ್ಜ ಊರಿನಿಂದ ತಂದ ವಾಲ್ವ್ ರೇಡಿಯೋ, ಅಪ್ಪ ಬೋನಸ್ ಹಣದಲ್ಲಿ ಕೊಂಡ ಟೇಪ್ ರೆಕಾರ್ಡರ್, ಇಲ್ಲವೇ ಒಂದು ಆಂಪ್ಲಿಫೈಯರ್. ನಿಮ್ಮಲ್ಲಿ ಹಲವರು ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಇವನ್ನು ನೀವೇ ರಿಪೇರಿ ಮಾಡಲು ಕೂರುತ್ತೀರಿ. ಒಳ್ಳೆಯದೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಇಂಥ ಕುತೂಹಲ ನಿಮಗೂ ಇರಲಿ, ಜೊತೆಗೆ ಎಚ್ಚರವೂ ಇರಲಿ.

ನಾನು ಇಂಜಿನಿಯರಲ್ಲ, ಬಿ.ಎ. ಓದಿದ ಗೃಹಿಣಿ. ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅಪಾಯ ಎಷ್ಟು?

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಮುಂಬಯಿಯ ಬೆವರಿನಲ್ಲಿ, ಮಳೆಗಾಲದ ತೇವದಲ್ಲಿ ನೆನೆದ ಮೈಯ ತಡೆ ಸಾವಿರ ಓಮ್‌ನಷ್ಟಕ್ಕೂ ಇಳಿಯಬಹುದು. ಆಗ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಸುಮಾರು 10 ಮಿಲಿ ಆಂಪಿಯರಿಗೇ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದೆ ಹೋಗಬಹುದು. ‘ಎಂ.ಸಿ.ಬಿ. ಇದೆಯಲ್ಲ’ ಎನ್ನಬೇಡಿ. 6 ಆಂಪಿಯರಿನ ಎಂ.ಸಿ.ಬಿ. ಎಂದರೆ 6,000 ಮಿಲಿ ಆಂಪಿಯರ್. ಅದು ವೈರಿಂಗನ್ನು ಕಾಯುತ್ತದೆ, ನಿಮ್ಮನ್ನಲ್ಲ. ಜೀವ ಕಾಯಲೆಂದು ಇರುವುದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಮನೆಯಲ್ಲಿ ಅದು ಇದೆಯೇ ನೋಡಿ. ಇದ್ದರೆ ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ.

ಪ್ಲಗ್ ಕಿತ್ತರೂ ಕರೆಂಟು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಲೇಬೇಕು. ಎ.ಸಿ./ಡಿ.ಸಿ. ಎರಡರಲ್ಲೂ ಓಡುವ ಹಳೆಯ ವಾಲ್ವ್ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರದೆ, ಲೋಹದ ಚಾಸಿಸ್ ನೇರವಾಗಿ ಒಂದು ತಂತಿಗೆ ಸೇರಿರುವುದುಂಟು. ಎರಡು ಪಿನ್ನಿನ ಪ್ಲಗ್ ತಿರುಗುಮುರುಗಾದರೆ ಚಾಸಿಸ್ಸೇ ಲೈವ್!

ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ವ್ ಸೆಟ್ಟಿನಲ್ಲಿ ಇದು 250–300 ವೋಲ್ಟ್ ಇರಬಹುದು. ಈಗಿನ ಸಣ್ಣ ಪವರ್ ಸಪ್ಲೈಗಳೂ ಸಾಧುವಲ್ಲ, ಅವುಗಳೊಳಗೆ ಸುಮಾರು 325 ವೋಲ್ಟ್ ಡಿ.ಸಿ. ಇರುತ್ತದೆ. ಸ್ಕ್ರೂ ಡ್ರೈವರಿನಿಂದ ಶಾರ್ಟ್ ಮಾಡುವ ಸಾಹಸ ಬೇಡ, ಕಿಡಿ ಹಾರಿ ಕಣ್ಣಿಗೆ ಪೆಟ್ಟಾದೀತು. 10,000 ಓಮ್, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಟೆಡ್ ಪ್ರೋಬ್ ಜೋಡಿಸಿ, ಕೆಪಾಸಿಟರಿನ ಎರಡು ತುದಿಗೆ ಅರ್ಧ ನಿಮಿಷ ಹಿಡಿಯಿರಿ. ನಂತರ ಮೀಟರಿನಲ್ಲಿ ಅಳೆದು ಖಚಿತಪಡಿಸಿಕೊಳ್ಳಿ. ಇಲ್ಲಿ ಆರ್.ಸಿ.ಸಿ.ಬಿ.ಯನ್ನು ನಂಬಿ ಕೂರಬೇಡಿ. ಕೆಪಾಸಿಟರಿನ ಹೊಡೆತ ಅದರ ಗಮನಕ್ಕೇ ಬರುವುದಿಲ್ಲ.

ರಿಪೇರಿಯಾದ ಸೆಟ್ಟನ್ನು ಮೊದಲ ಸಲ ಹಚ್ಚುವಾಗ ನಮ್ಮ ಮೆಕ್ಯಾನಿಕ್‌ಗಳ ‘ಸೀರೀಸ್ ಲ್ಯಾಂಪ್’ ಉಪಾಯ ಚೆನ್ನ. ಲೈವ್ ತಂತಿಯ ದಾರಿಯಲ್ಲಿ 60 ಅಥವಾ 100 ವ್ಯಾಟಿನ ಹಳೆಯ ತಂತಿಯ ಬಲ್ಬು ಇರಬೇಕು, ಎಲ್.ಇ.ಡಿ. ನಡೆಯದು. ಬಲ್ಬು ಕ್ಷಣ ಬೆಳಗಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಇದು ಸೆಟ್ಟನ್ನು ಉಳಿಸುತ್ತದೆ, ಷಾಕಿನಿಂದ ನಿಮ್ಮನ್ನು ಉಳಿಸುವುದಿಲ್ಲ.

ಮೂರನೆಯ ಪಿನ್ನಿನ ಮಹಿಮೆ

ಪ್ಲಗ್ಗಿನ ಮೂರನೆಯ ಪಿನ್ನು ದಪ್ಪ, ಉದ್ದ ಏಕೆ ಗೊತ್ತೇ? ಒಳಗೆ ಹೋಗುವಾಗ ಅರ್ಥ್ ಮೊದಲು ತಾಗಬೇಕು, ಹೊರಬರುವಾಗ ಕೊನೆಗೆ ಬಿಡಬೇಕು. ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು ಬಂದರೆ ಅರ್ಥ್ ತಂತಿ ಕತ್ತರಿಸುವ ಜಾಣರಿದ್ದಾರೆ. ಸದ್ದು ನಿಂತೀತು, ಆದರೆ ಜೀವಕ್ಕಿದ್ದ ಕಾವಲೂ ಹೋಯಿತು. ಬದಲಿಗೆ ಎಲ್ಲ ಸಾಧನಗಳಿಗೂ ಸರಿಯಾದ ಅರ್ಥ್ ಇರುವ ಒಂದೇ ಕಡೆಯಿಂದ ವಿದ್ಯುತ್ತು ಕೊಟ್ಟು ನೋಡಿ.

ಇದು ಬರೀ ಹೆದರಿಸುವ ಮಾತಲ್ಲ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯ ವೇದಿಕೆಯಲ್ಲಿ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಅರ್ಥ್ ಇಲ್ಲದ ಮೈಕು ಮುಟ್ಟಿ ತೀರಿಕೊಂಡರು. 1976ರ ಮೇ ತಿಂಗಳಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ ಗಿಟಾರ್ ನುಡಿಸುತ್ತ, ಸರಿಯಾದ ಅರ್ಥ್ ಇಲ್ಲದ ಸಲಕರಣೆಯಿಂದ ಪ್ರಾಣ ಬಿಟ್ಟರು. ಅವರಿಗಿನ್ನೂ 33 ವರ್ಷ. ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಮೈಕು ಜೋಡಿಸುವವರು ನೀವೇ ತಾನೇ? ಹಾಡುವ ಪುಟ್ಟ ಮಕ್ಕಳ ಕೈಗೆ ಮೈಕು ಕೊಡುವ ಮುನ್ನ ಅರ್ಥಿಂಗ್ ಪರೀಕ್ಷಿಸಿ. ‘ಸ್ವಲ್ಪ ಜುಮ್ಮೆನ್ನುತ್ತೆ’ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗದೆ ಆ ಕ್ಷಣವೇ ಮೇನ್ ಆರಿಸಿ.

ಅವಘಡವಾದರೆ

ಷಾಕ್ ಹೊಡೆದವರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿ ಸರಿಸಿ. 108 ಅಥವಾ 112ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತ, ನೆರವು ಬರುವವರೆಗೆ ಬಿಡಬೇಡಿ. ಹಾಗಾಗಿಯೇ ರಿಪೇರಿಗೆ ಒಬ್ಬರೇ ಕೂರಬಾರದು. ಅಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮೇನ್ ಸ್ವಿಚ್ ಎಲ್ಲಿದೆಯೆಂದು ಮೊದಲೇ ತೋರಿಸಿಡಿ.

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬುದು ನಮ್ಮ ಹಿರಿಯರ ಗಾದೆ. ಇಲ್ಲಿ ಕೆಟ್ಟ ಮೇಲೆ ಬುದ್ಧಿ ಕಲಿಯಲು ಜೀವವೇ ಉಳಿದಿರುವುದಿಲ್ಲ. ರೇಡಿಯೋ ಕೆಟ್ಟರೆ ಇನ್ನೊಂದು ತಂದೇವು, ನಿಮ್ಮಂಥ ಮಕ್ಕಳನ್ನು ಯಾವ ಅಂಗಡಿಯಿಂದ ತರೋಣ?