ನಲ್ಲಿ ಬುಸ್‌ಗುಡುವವರೆಗೆ ನಿದ್ದೆ

ಸಂಪಿನ ನೀರಿನ ಮಟ್ಟ ಮೊಬೈಲಿನಲ್ಲೇ ನೋಡೋಣವೆಂದು ಬಸವೇಶ್ವರನಗರದ ಓದುಗರೊಬ್ಬರು ವೈರ್‌ಲೆಸ್ ಸೆನ್ಸರ್ ಹಾಕಿಸಿದರಂತೆ. ಸೆಲ್ಲು ವಾರದೊಳಗೇ ಖಾಲಿ. "ದಿನಕ್ಕೆ ನಾಲ್ಕು ಸಲ ಒಂದು ಅಂಕಿ ಕಳಿಸೋಕೆ ಇಷ್ಟು ಕರೆಂಟು ಬೇಕಾ ಸಾರ್?"

ಕಳಿಸೋಕೆ ಬೇಡ, ಕಾಯೋಕೆ ಬೇಕು. ಉಳಿದ ಹೊತ್ತೆಲ್ಲ ಅದು ತನಗೆ ಬರುವ ಸುದ್ದಿಗೆಂದು ಕಿವಿ ತೆರೆದು ಕೂತಿರಬೇಕು. ಇಂಥ ಸೆನ್ಸರ್ ಜಾಲಗಳಲ್ಲಿ ಬಹಳ ಬಳಕೆಯಾದ ಸಿಸಿ2420 ಎಂಬ ರೇಡಿಯೊ ಚಿಪ್ ಗಟ್ಟಿಯಾಗಿ ಮಾತಾಡುವಾಗ ಎಳೆಯುವುದು 17.4 ಮಿಲಿಆಂಪಿಯರ್, ಸುಮ್ಮನೆ ಆಲಿಸುವಾಗ 18.8! 2500 ಮಿಲಿಆಂಪಿಯರ್-ಗಂಟೆಯ ಸೆಲ್ಲಿಗೆ ಅದು ಐದೂವರೆ ದಿನದ ಆಟ.

ರಾಜಾಜಿನಗರ, ವಿಜಯನಗರದ ವಠಾರಗಳಲ್ಲಿ ಬೆಳೆದವರಿಗೆ ಈ ಕಾಯುವ ಪಾಡು ಹೊಸದಲ್ಲ. ಬಿಂದಿಗೆ ತುಂಬಲು ಹತ್ತು ನಿಮಿಷ. ಕಾವೇರಿ ನೀರು ಯಾವಾಗ ಬರುತ್ತದೋ ಎಂದು ಕಾಯುವುದೇ ರಾತ್ರಿಯಿಡೀ. ಅದಕ್ಕೆ ಜಾಣರು ಎರಡು ದಾರಿ ಕಂಡುಕೊಂಡಿದ್ದರು. ಒಂದು, ವಾಲ್ವ್‌ಮ್ಯಾನ್ ಹತ್ತಿರ ಹೊತ್ತು ಕೇಳಿಕೊಂಡು ಅಲಾರಂ ಇಡುವುದು. 2002ರಲ್ಲಿ ವೀ ಯೆ, ಜಾನ್ ಹೈಡೆಮನ್, ಡೆಬೊರಾ ಎಸ್ಟ್ರಿನ್ ರೂಪಿಸಿದ ಎಸ್-ಮ್ಯಾಕ್ ಎಂಬ ರೇಡಿಯೊ ನಿಯಮಾವಳಿಯೂ ಇದೇ: ನೆರೆಯ ಸೆನ್ಸರ್‌ಗಳೆಲ್ಲ ಒಟ್ಟಿಗೆ ಎದ್ದು, ಮಾತಾಡಿ, ಮಲಗುತ್ತವೆ. ಗಡಿಯಾರ ಹಿಂದೆ ಬಿದ್ದರೆ ನೀರು ತಪ್ಪಿತು.

ಎರಡನೆಯದು ನನಗೆ ಹೆಚ್ಚು ಇಷ್ಟ. ನೀರಿಗೆ ಮುಂಚೆ ನಲ್ಲಿ ಗಾಳಿ ಕಕ್ಕುತ್ತಾ ಬುಸ್‌ಗುಡುತ್ತದಲ್ಲ? ನಿದ್ದೆಯ ನಡುವೆ ಆಗಾಗ ಎದ್ದು ಒಂದು ಕ್ಷಣ ಕಿವಿಗೊಡಿ. ಸದ್ದಿಲ್ಲದಿದ್ದರೆ ಮತ್ತೆ ಮಲಗಿ. 2004ರಲ್ಲಿ ಬರ್ಕ್ಲಿಯಿಂದ ಬಂದ ಬಿ-ಮ್ಯಾಕ್ ನಡೆಯುವುದು ಹೀಗೆ. ಹೇಳುವವನು ಕೇಳುವವನ ನಿದ್ದೆಗಿಂತ ಉದ್ದಕ್ಕೆ ಬುಸ್‌ಗುಡಬೇಕು. ಖರ್ಚೆಲ್ಲ ಅವನ ತಲೆಗೆ. ಆದರೆ ಅವನು ಬಾಯಿ ಬಿಡುವುದೇ ಅಪರೂಪ. ನೂರರಲ್ಲೊಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ ಐದೂವರೆ ದಿನದ ಸೆಲ್ಲು, ಲೆಕ್ಕದ ಪ್ರಕಾರ, ಒಂದೂವರೆ ವರ್ಷ ಬರುತ್ತದೆ. (ಸಂಪಿನ ತೇವ, ಅಗ್ಗದ ಸೆಲ್ಲು ಈ ಲೆಕ್ಕ ಓದಿರುವುದಿಲ್ಲ.)

ಇಂಥ ಜಾಲ ಹೂಡುವ ಪ್ರಯತ್ನ ನಮ್ಮಲ್ಲೂ ಹಳೆಯದು. ನಮ್ಮ ರಾಜಾಜಿನಗರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ಸಂಸ್ಥೆಯ ಜತೆ ಸೇರಿ, 'ಕಾಮನ್‌ಸೆನ್ಸ್ ನೆಟ್' ಹೆಸರಿನಲ್ಲಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ಜಾಲ ಹೂಡಿ ಎರಡು ದಶಕವಾಯಿತು. ಕಡಲೆಕಾಯಿ ಹೊಲದ ತೇವ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ. ನಿದ್ದೆಗೆ ಅಲ್ಲಿ ಬೇಕಾದಷ್ಟು ಪುರುಸೊತ್ತು. ಲೋರಾವ್ಯಾನ್ ಎಂಬ ವೈರ್‌ಲೆಸ್ ಜಾಲದ ಈಗಿನ ಉಪಕರಣಗಳಲ್ಲಿ ಅತಿ ಮಿತವ್ಯಯದವು ಇನ್ನೂ ಸೋಮಾರಿ: ಹೇಳುವುದು ಹೇಳಿ, ಎರಡೇ ಸಲ ಚೂರು ಕಿವಿಗೊಟ್ಟು ಮಲಗಿಬಿಡುತ್ತವೆ.

ಹಾಗಾಗಿ ಡಬ್ಬದ ಮೇಲಿನ 'ಹತ್ತು ವರ್ಷದ ಬ್ಯಾಟರಿ'ಗೆ ಮರುಳಾಗಬೇಡಿ. ರೇಡಿಯೊ ಎಷ್ಟು ಹೊತ್ತಿಗೊಮ್ಮೆ ಏಳುತ್ತದೆ ಎಂದು ಅಂಗಡಿಯವರನ್ನು ಕೇಳಿ. ಉತ್ತರ ಬರದಿದ್ದರೆ ಸಂಪಿಗೆ ಕೋಲು ಇಳಿಬಿಟ್ಟು ನೋಡುವುದೇ ಅಗ್ಗ.