ಹಕ್ಕಿ ತೋರಿಸಿದ ಬೆರಳು

ಹೈದರಾಬಾದ್: ಮಹಾಲಯ ಅಮಾವಾಸ್ಯೆಯ ದಿನ ನಗರದ ಅನೇಕ ಕನ್ನಡಿಗರ ಮನೆಗಳ ಮಾಳಿಗೆಯ ಮೇಲೆ ಬಾಳೆ ಎಲೆಯೊಂದು ಕಾಣುತ್ತದೆ. ಅಗಲಿದ ತಂದೆ-ತಾಯಿಯ ಹೆಸರಿನಲ್ಲಿ ಎಡೆ ಇಟ್ಟು, ಕಾಗೆ ಬಂದು ಮುಟ್ಟುವವರೆಗೆ ಮನೆಮಂದಿ ಕಾಯುತ್ತಾರೆ. ಅಲ್ಲಿಂದ ಹತ್ತನೆಯ ದಿನಕ್ಕೆ ವಿಜಯದಶಮಿ. ಅಂದು ಕಣ್ಣು ಹುಡುಕುವುದು ಬೇರೊಂದು ಹಕ್ಕಿಯನ್ನು. ಕನ್ನಡದಲ್ಲಿ ಅದು ನೀಲಕಂಠ, ತೆಲುಗಿನಲ್ಲಿ ಪಾಲಪಿಟ್ಟ.

ದಸರೆಯ ದಿನ ಈ ಹಕ್ಕಿ ಕಣ್ಣಿಗೆ ಬಿದ್ದರೆ ಶುಭ ಎಂಬುದು ತೆಲಂಗಾಣದ ಹಳೆಯ ನಂಬಿಕೆ. ಬನ್ನಿ ಮರಕ್ಕೆ ಪೂಜೆ ಮುಗಿಸಿ ಹಿರಿಯರು ಮಕ್ಕಳನ್ನು ಊರ ಹೊರಗೆ ಕರೆದೊಯ್ಯುತ್ತಿದ್ದರು. ಕರ್ನಾಟಕ ಮತ್ತು ತೆಲಂಗಾಣ ಎರಡಕ್ಕೂ ಇದೇ ರಾಜ್ಯಪಕ್ಷಿ ಎಂಬುದು ಇಲ್ಲಿನ ಕನ್ನಡಿಗರಿಗೆ ಇನ್ನೊಂದು ನಂಟು.

ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ನೆಲೆಸಿದವರಲ್ಲಿ ತಂದೆ-ತಾಯಿಯನ್ನು ಕಳೆದುಕೊಂಡವರಿಗೆ ಈ ಹತ್ತು ದಿನಗಳು ಸುಲಭವಲ್ಲ. ಬನ್ನಿ ಕೈಯಲ್ಲಿರುತ್ತದೆ, ಕೊಟ್ಟು ನಮಸ್ಕರಿಸಬೇಕಾದ ಪಾದಗಳು ಇರುವುದಿಲ್ಲ. ಹೊಲದ ಬದುವಿನಲ್ಲಿ ನಿಂತು "ಅಗೋ ನೋಡು" ಎಂದು ಹಕ್ಕಿ ತೋರಿಸಿದ ಬೆರಳೂ ಇರುವುದಿಲ್ಲ. ಹಕ್ಕಿ ಮಾತ್ರ ಇದೆ.

ತಂದೆಯ ಕವಿತೆ, ಮಗನ ಕ್ಯಾಮೆರಾ

ತಂದೆ ಮತ್ತು ಮಗ ಇಬ್ಬರೂ ಹಕ್ಕಿಗಳಿಗೆ ಮನಸೋತ ದೊಡ್ಡ ಉದಾಹರಣೆ ಕನ್ನಡದಲ್ಲೇ ಇದೆ. ಕುವೆಂಪು ಅವರು ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ತಪ್ಪದೆ ನಡೆದಾಡುತ್ತಿದ್ದವರು. 1946ರಲ್ಲಿ ಬಂದ ಅವರ ಕವನ ಸಂಕಲನದ ಹೆಸರೇ 'ಪಕ್ಷಿಕಾಶಿ'. ಆಗಸದಲ್ಲಿ ಸಾಲಾಗಿ ಹಾರಿದ ಹಕ್ಕಿಗಳಲ್ಲಿ ಅವರು ದೇವರ ಸಹಿಯನ್ನು ಕಂಡರು. ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿ, ಕ್ಯಾಮೆರಾ ಹಿಡಿದು ಅದೇ ಹಕ್ಕಿಗಳ ಬೆನ್ನು ಹತ್ತಿದರು. 'ಮಿಂಚುಳ್ಳಿ', 'ಹಕ್ಕಿ ಪುಕ್ಕ' ಪುಸ್ತಕಗಳು ಆ ಕಾಯುವಿಕೆಯ ಫಲ. ತಂದೆ ನೋಡಿದ ಬಗೆ ಬೇರೆ, ಮಗ ನೋಡಿದ ಬಗೆ ಬೇರೆ. ನೋಡಿದ್ದು ಒಂದೇ ಆಕಾಶವನ್ನು.

1994ರ ನವೆಂಬರ್ 11ರಂದು ಕುವೆಂಪು ತೀರಿಕೊಂಡರು. ಎರಡು ವರ್ಷಗಳ ನಂತರ ತೇಜಸ್ವಿ 'ಅಣ್ಣನ ನೆನಪು' ಪ್ರಕಟಿಸಿದರು. ಮನೆಯಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಅದು ಗೋಳಾಡುವ ಪುಸ್ತಕವಲ್ಲ. ಮನೆಯ ಸಣ್ಣಪುಟ್ಟ ಪ್ರಸಂಗಗಳನ್ನು ಹೇಳಿ ನಗಿಸುತ್ತಲೇ ತಂದೆಯನ್ನು ಕಣ್ಣಮುಂದೆ ತಂದು ನಿಲ್ಲಿಸುತ್ತದೆ. ದುಃಖಕ್ಕೆ ಇಂಥದೊಂದು ದಾರಿಯೂ ಇದೆ ಎಂದು ಓದುಗರಿಗೆ ತೋರಿಸಿಕೊಟ್ಟ ತೇಜಸ್ವಿ 2007ರ ಏಪ್ರಿಲ್ 5ರಂದು ತಾವೂ ಹೊರಟುಹೋದರು. ಅವರು ತೋರಿಸಿದ ಹಕ್ಕಿಗಳನ್ನು ಕನ್ನಡಿಗರು ಇಂದಿಗೂ ನೋಡುತ್ತಿದ್ದಾರೆ.

ತಬ್ಬಲಿ ಹುಡುಗನ ಗುಬ್ಬಚ್ಚಿ

ತೋರಿಸುವ ಬೆರಳು ಹೆತ್ತವರದ್ದೇ ಆಗಬೇಕೆಂದಿಲ್ಲ. 1896ರಲ್ಲಿ ಹುಟ್ಟಿದ ಸಲೀಂ ಅಲಿ ಮೂರು ವರ್ಷ ತುಂಬುವಷ್ಟರಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ಸಾಕಿದ್ದು ಸೋದರಮಾವ. ಹುಡುಗ ಏರ್‌ಗನ್‌ನಿಂದ ಹೊಡೆದ ಗುಬ್ಬಚ್ಚಿಯ ಗಂಟಲಲ್ಲಿ ಹಳದಿ ಕಲೆ ಇತ್ತು. ಅದೇನೆಂದು ಕೇಳಿದಾಗ ಮಾವ ಅವನನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಬೀರುಗಳನ್ನು ತೆರೆದು ಸಂಗ್ರಹಿಸಿಟ್ಟ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು.

ಆ ಹುಡುಗನೇ ಬೆಳೆದು 1931ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಆರಂಭಿಸಿದ್ದು. ನಿಜಾಮರ ಸರ್ಕಾರ ಹಣದ ನೆರವು ನೀಡಿತ್ತು. ಬೀದರ, ಕಲಬುರಗಿ, ರಾಯಚೂರು ಅಂದು ಅದೇ ಸಂಸ್ಥಾನದಲ್ಲಿದ್ದವು. ಇಲ್ಲಿನ ಕನ್ನಡಿಗರ ಅಜ್ಜಂದಿರ ಕಾಲದ ಹಕ್ಕಿಗಳಿಗೂ ಹೀಗೆ ಲೆಕ್ಕಪುಸ್ತಕ ಶುರುವಾಯಿತು.

ಪಂಜರದಲ್ಲಿ ಪುಣ್ಯವಿಲ್ಲ

ಇಂದಿನ ಲೆಕ್ಕ ಮಾತ್ರ ಸಮಾಧಾನ ತರುವಂಥದ್ದಲ್ಲ. ದೇಶದ ಸಾವಿರಾರು ಹಕ್ಕಿಪ್ರಿಯರು ಬರೆದಿಟ್ಟ ಟಿಪ್ಪಣಿಗಳ ಆಧಾರದ ಮೇಲೆ 2023ರಲ್ಲಿ ಹೊರಬಂದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ, ನೀಲಕಂಠಗಳು ದೀರ್ಘಾವಧಿಯಲ್ಲಿ ಶೇ 30ಕ್ಕೂ ಹೆಚ್ಚು ಕಡಿಮೆಯಾಗಿವೆ ಎಂದು ಹೇಳಿದೆ. ಇದರ ಜೊತೆಗೆ ದಸರೆ ಬಂತೆಂದರೆ ಹಕ್ಕಿಯನ್ನು ಹಿಡಿದು ರೆಕ್ಕೆ-ಕಾಲು ಕಟ್ಟಿ, ಪಂಜರದಲ್ಲಿಟ್ಟು, ಹಣ ಪಡೆದು ದರ್ಶನ ಮಾಡಿಸುವವರೂ ನಗರದಲ್ಲಿ ಕಂಡುಬಂದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ. ಕಟ್ಟಿಹಾಕಿದ ಹಕ್ಕಿ ಎಷ್ಟೋ ಬಾರಿ ಮತ್ತೆ ಹಾರುವ ಸ್ಥಿತಿಯಲ್ಲೇ ಇರುವುದಿಲ್ಲ.

ಅಷ್ಟಕ್ಕೂ ನೀಲಕಂಠವನ್ನು ನೋಡಬೇಕಾದದ್ದು ಅದು ಹಾರುವಾಗ. ಹೆಸರು ನೀಲಕಂಠವಾದರೂ ಅದರ ಕಂಠ ನೀಲಿಯಲ್ಲ. ಕರೆಂಟ್ ತಂತಿಯ ಮೇಲೆ ರೆಕ್ಕೆ ಮಡಿಚಿ ಕುಳಿತಾಗ ಕಂದು ಬಣ್ಣದ ಸಾಧಾರಣ ಹಕ್ಕಿ. ಹುಳ ಹಿಡಿಯಲು ರೆಕ್ಕೆ ಬಿಚ್ಚಿದಾಗಲೇ ಆ ನೀಲಿ ಮಿಂಚುವುದು. ಅಪ್ಪ ತೋರಿಸಿದ್ದೂ ಅದನ್ನೇ.

ನೋಡಲು ದೂರ ಹೋಗಬೇಕಿಲ್ಲ. ನಗರದ ಅಂಚಿನ ಹೊಲಗಳಲ್ಲಿ, ತಂತಿಗಳ ಮೇಲೆ ಬೆಳಗಿನ ಹೊತ್ತು ಕಣ್ಣಾಡಿಸಿದರೆ ಅದೃಷ್ಟವಿದ್ದರೆ ಕಂಡೀತು. 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಅಮೀನ್‌ಪುರ ಕೆರೆಯಲ್ಲಿ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳನ್ನೂ ನೋಡಬಹುದು. 1980ರಲ್ಲಿ ಆರಂಭವಾದ ಇಲ್ಲಿನ ಪಕ್ಷಿವೀಕ್ಷಕರ ಸಂಘ ಈಗ ಡೆಕ್ಕನ್ ಬರ್ಡರ್ಸ್ ಎಂಬ ಹೆಸರಿನಲ್ಲಿ ಆಸಕ್ತರನ್ನು ಹೊರಸಂಚಾರಕ್ಕೆ ಕರೆದೊಯ್ಯುತ್ತಿದೆ.

ಬಹುಮಹಡಿ ಕಟ್ಟಡಗಳ ನಡುವೆ ಎಡೆ ಮುಟ್ಟಲು ಕಾಗೆ ಬಾರದೆ ಬೇಸರಪಡುವವರಿದ್ದಾರೆ. ಅಂಥವರು ಹತ್ತು ದಿನ ಕಳೆದು ಮಕ್ಕಳ ಕೈ ಹಿಡಿದು ಊರ ಹೊರಗೆ ಹೋಗಿಬರಬಹುದು. ಹಾರುವ ನೀಲಕಂಠವನ್ನು ತೋರಿಸಿ, "ಇದನ್ನ ನನಗೆ ತೋರಿಸಿದ್ದು ನಿಮ್ಮಜ್ಜ" ಎಂದು ಒಂದು ಮಾತು ಹೇಳಿದರೆ, ಎಡೆ ಮುಟ್ಟಿದಂತೆಯೇ ಸರಿ.