ನಾದಿನಿ ಮದುವೆ ಜಪಾನಿನಲ್ಲಿ!

ಕೆಲಸಕ್ಕೆಂದು ಜಪಾನಿಗೆ ಹೋದ ನಮ್ಮ ಹುಡುಗಿ ಅಲ್ಲಿಯ ಹುಡುಗನನ್ನೇ ಮೆಚ್ಚಿ ಕೈ ಹಿಡಿದಳು ಅಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ತನ್ನ ಮದುವೆ ಹೇಗೋ ಮುಗಿದುಹೋಗುತ್ತದೆ ಬಿಡಿ. ನಿಜವಾದ ಪರೀಕ್ಷೆ ಎದುರಾಗುವುದು ಗಂಡನ ತಂಗಿಯದೋ ತಮ್ಮನದೋ ಮದುವೆ ಬಂದಾಗ. ಅಲ್ಲಿ ಅವಳು ಮದುಮಗಳಲ್ಲ, ಆ ಮನೆಯ ಸೊಸೆ.

ನನ್ನ ಗೆಳತಿಯೊಬ್ಬಳ ಕತೆ ಕೇಳಿ. ಟೋಕಿಯೋದಲ್ಲಿ ನಾದಿನಿಯ ಮದುವೆ. ರೇಷ್ಮೆ ಸೀರೆ ಉಟ್ಟು ಸಡಗರದಿಂದ ಆರತಕ್ಷತೆ ಹಾಲಿಗೆ ಹೋದರೆ, ಇವಳ ಹೆಸರಿನ ಚೀಟಿ ಇದ್ದದ್ದು ವೇದಿಕೆಯಿಂದ ತೀರಾ ದೂರ, ಬಾಗಿಲ ಪಕ್ಕದ ಮೇಜಿನ ಮೇಲೆ! ನಾದಿನಿಯ ಆಫೀಸಿನ ಮೇಲಧಿಕಾರಿಗಳು, ಗೆಳತಿಯರೆಲ್ಲ ಮುಂದೆ. 'ನಾನು ಹೊರಗಿನವಳು ಅಂತ ಮೂಲೆಗೆ ತಳ್ಳಿದ್ರು ಕಣೇ' ಅಂತ ಫೋನಿನಲ್ಲಿ ಅತ್ತಿದ್ದಳು. ಎರಡು ದಿನ ಗಂಡನ ಜೊತೆ ಮಾತೂ ಬಿಟ್ಟಳಂತೆ.

ಆದರೆ ಅದೇ ಮೇಜಿನಲ್ಲಿ ಅವಳ ಅತ್ತೆ ಮಾವನೂ ಕೂತಿದ್ದರಲ್ಲ! ಜಪಾನಿನ ಪದ್ಧತಿಯೇ ಹಾಗೆ. ಮುಂದಿನ ಜಾಗ ಅತಿಥಿಗಳಿಗೆ, ಬಾಗಿಲ ಬಳಿಯ ಕೊನೆಯ ಜಾಗ ಮನೆಯವರಿಗೆ. ನಮ್ಮಲ್ಲೂ ಹೆಣ್ಣಿನ ಮನೆಯವರು ಊಟಕ್ಕೆ ಕೊನೇ ಪಂಕ್ತಿಯಲ್ಲಿ ತಾನೇ ಕೂರುವುದು? ಅವಳನ್ನು ಮುಂದೆ ಕೂರಿಸಿದ್ದರೇ ಅವಳು ಹೊರಗಿನವಳು ಅಂತ ಆಗುತ್ತಿತ್ತು. ಈ ಒಂದು ಮಾತನ್ನು ಗಂಡ ಮೊದಲೇ ಹೇಳಿದ್ದಿದ್ದರೆ ಆ ಕಣ್ಣೀರು ಉಳಿಯುತ್ತಿತ್ತು. ಈ ಗಂಡಸರಿಗೆ ತಮ್ಮ ಮನೆಯ ಪದ್ಧತಿ ಬೇರೆಯವರಿಗೆ ಗೊತ್ತಿರೋಲ್ಲ ಅಂತ ಹೊಳೆಯೋದೇ ಇಲ್ಲ ನೋಡಿ!

ಮನೆಯವಳು ಅಂದಮೇಲೆ ಕೆಲಸವೂ ಉಂಟು. ಬಂದವರಿಗೆ ತಲೆಬಾಗಿಸಿ 'ಅರಿಗತೋ ಗೊಝಾಯಿಮಸು' ಅನ್ನಬೇಕು, ಅಂದರೆ ಧನ್ಯವಾದ. 'ಒಮೆದೆತೋ' ಅಂತ ಶುಭ ಕೋರುವವರು ಅವರು, ಬಂದದ್ದಕ್ಕೆ ವಂದಿಸುವವರು ನಾವು.

ಇನ್ನು ಸೀರೆ. ಧಾರಾಳವಾಗಿ ಉಡಬಹುದು. ಬಿಳಿ ಮಾತ್ರ ಮದುಮಗಳಿಗೇ ಮೀಸಲು. ಕೆನೆ ಬಣ್ಣದ ಮೈಸೂರು ರೇಷ್ಮೆಯೂ ಬೇಡ, ಫೋಟೋದಲ್ಲಿ ಬಿಳಿಯಾಗಿಯೇ ಕಾಣುತ್ತದೆ. ಅತ್ತೆ, ಚಿಕ್ಕತ್ತೆಯರೆಲ್ಲ ಕಪ್ಪು ಕಿಮೋನೋದಲ್ಲಿ ಬಂದರೆ ಬೆಚ್ಚಬೇಡಿ. ಅಂಚಿನಲ್ಲಿ ಚಿತ್ತಾರವಿರುವ ಆ ಕಪ್ಪು 'ತೊಮೆಸೋದೆ'ಯೇ ಮದುವೆಯಾದ ಹತ್ತಿರದ ನೆಂಟರ ಅತ್ಯಂತ ಗೌರವದ ಉಡುಗೆ. ನಮ್ಮ ಅಜ್ಜಿಯಂದಿರು ನೋಡಿದ್ದರೆ ಶಿವಶಿವಾ ಅನ್ನುತ್ತಿದ್ದರು!

ಮುಯ್ಯಿ ವಿಷಯ ನಮಗೆ ಬೇಗ ಅರ್ಥವಾಗುತ್ತದೆ. ನಾವು 101, 501 ಅಂತ ಒಂದು ರೂಪಾಯಿ ಸೇರಿಸುತ್ತೇವಲ್ಲ, ಅವರೂ ಬೆಸ ಸಂಖ್ಯೆಯೇ ನೋಡುತ್ತಾರೆ. ಸಮ ಸಂಖ್ಯೆ ಎರಡಾಗಿ ಒಡೆಯುತ್ತದೆ ಅನ್ನುವ ಭಾವನೆ. ಗೆಳೆಯರು ಸಾಮಾನ್ಯವಾಗಿ 30,000 ಯೆನ್ ಕೊಟ್ಟರೆ, ಅಣ್ಣ ಅತ್ತಿಗೆ 50,000 ಅಥವಾ ಹೆಚ್ಚು ಕೊಡುವುದು ವಾಡಿಕೆ. ನಾಲ್ಕು, ಒಂಬತ್ತು ಬೇಡವೇ ಬೇಡ. ನಾಲ್ಕರ 'ಶಿ' ಸಾವು ಅನ್ನುವಂತೆ, ಒಂಬತ್ತರ 'ಕು' ಸಂಕಟ ಅನ್ನುವಂತೆ ಕೇಳಿಸುತ್ತದೆ. ಬ್ಯಾಂಕಿನಿಂದ ತಂದ ಗರಿಗರಿ ಹೊಸ ನೋಟೇ ಆಗಬೇಕು. ಲಕೋಟೆ ಕೊಳ್ಳುವಾಗ ಎಚ್ಚರ! ದಾರದ ಗಂಟು ಬಿಚ್ಚಲಾಗದ ಗಂಟಾಗಿರಬೇಕು. ಎಳೆದರೆ ಬಿಚ್ಚುವ ಚಿಟ್ಟೆ ಗಂಟು ಮಗು ಹುಟ್ಟಿದ್ದಕ್ಕೆ, ಅದು ಮತ್ತೆ ಮತ್ತೆ ಬಂದರೂ ಸಂತೋಷ ಅಲ್ಲವೇ? ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅಂತ ಅತ್ತೆಯನ್ನೇ ಕೇಳಿ. ಮನೆಯವರು ಮುಂಚೆಯೇ ಕೊಟ್ಟುಬಿಡುವುದೂ ಉಂಟು.

ನಮ್ಮವರನ್ನು ಹೆಚ್ಚು ಕಾಡುವುದು ಊಟ. ಶಿಂತೋ ದೇಗುಲದಲ್ಲಿ ಮದುವೆಯಾದರೆ ವಧೂವರರು ಮೂರು ಬಟ್ಟಲಿನಲ್ಲಿ ಮೂರು ಮೂರು ಗುಟುಕು ಸಾಕೆ ಕುಡಿಯುತ್ತಾರೆ. ಆಮೇಲೆ ಎರಡೂ ಕಡೆಯ ನೆಂಟರಿಗೂ ಬಟ್ಟಲು ಬರುತ್ತದೆ. ಅದು ಅಕ್ಕಿಯ ಮದ್ಯ. ಕುಡಿಯದವರು ತುಟಿಗೆ ಸೋಕಿಸಿ ಇಟ್ಟರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಕೈಯಾಡಿಸಿ ಬೇಡ ಅನ್ನುವುದಕ್ಕಿಂತ ಅದೇ ಚೆನ್ನ ಅಂತ ನನ್ನ ಅನಿಸಿಕೆ. ಸಸ್ಯಾಹಾರಿಯಾದರೆ ಆಹ್ವಾನಕ್ಕೆ ಉತ್ತರ ಬರೆಯುವಾಗಲೇ ತಿಳಿಸಿಬಿಡಿ. ಬರೀ 'ಮಾಂಸ ಬೇಡ' ಅಂದರೆ ಮೀನು ಬರುತ್ತದೆ. 'ಮೀನೂ ಬೇಡ' ಅಂದರೂ ತಿಳಿಸಾರು ಒಣಮೀನಿನ ರಸದ್ದೇ ಇರಬಹುದು. ಅದನ್ನೂ ಬಿಡಿಸಿ ಬರೆಸಿ. ತಲೆ ಎಣಿಸಿ ಅಡುಗೆ ಮಾಡುವುದರಿಂದ ಆ ದಿನ ಕೇಳಿದರೆ ಪರದಾಟವೇ ಸರಿ. ಚೀಲದಲ್ಲಿ ಎರಡು ಕೋಡುಬಳೆ ಇರಲಿ, ಆದರೆ ಹಾಲಿನಲ್ಲಿ ತೆಗೆಯಬೇಡಿ!

ಆರತಕ್ಷತೆ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕೊನೆಗೆ ಮದುಮಗಳು ಅಪ್ಪ ಅಮ್ಮನಿಗೆ ಬರೆದ ಪತ್ರ ಓದುತ್ತಾಳೆ. ಭಾಷೆ ಬರದಿದ್ದರೂ ಕರ್ಚೀಫು ಕೈಯಲ್ಲಿರಲಿ. ಆಮೇಲೆ ಅತಿಥಿಗಳೆಲ್ಲ ಉಡುಗೊರೆ ಚೀಲ ಹಿಡಿದು ಹೊರಡುವವರೆಗೂ ನೀವು ಹೊರಡುವಂತಿಲ್ಲ. ಅತ್ತೆಯ ಕೈಚೀಲ ಹಿಡಿದುಕೊಂಡು ನಿಲ್ಲಿ, ಎತ್ತರದ ಹಿಮ್ಮಡಿ ಚಪ್ಪಲಿ ಬೇಡ.